ಮೂವತ್ತನಾಲ್ಕನೇ ಮನೆಯವರು

ಕತ್ತರಿ ಅಕ್ಕ ಹಳೆಯ ಮನೆ ಬಿಟ್ಟರೂ ಹಳೆಯ ಮನೆ ಅವಳನ್ನು ಬಿಡಲಿಲ್ಲ.

ಊರಿನ ಆ ತುದಿಯಲ್ಲಿ, ಬಂದರಿನ ಪಕ್ಕದ ನಾಲ್ಕು ಅಂತಸ್ತಿನ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ಅವಳೂ ಅವಳ ಅತ್ತೆಯೂ ಬಹಳ ಕಾಲ ಬಾಡಿಗೆಗಿದ್ದರು. ಗಂಡ ಸರಕು ಹಡಗಿನಲ್ಲಿ ಅಡುಗೆಯವನು, ವರ್ಷದ ಮುಕ್ಕಾಲು ಪಾಲು ನೀರಿನ ಮೇಲೆ. ಅವಳ ಹೆಂಗಸರ ಸಲೂನು ಇದ್ದದ್ದು ಊರಿನ ಈ ತುದಿಯಲ್ಲಿ. ಬೆಳಿಗ್ಗೆ ಸ್ಕೂಟರಿನಲ್ಲಿ ಈ ಕಡೆ, ಸಂಜೆ ಆ ಕಡೆ, ಓಡಾಡಿ ಸೊಂಟ ಬಿದ್ದುಹೋಗುವ ಹೊತ್ತಿಗೆ ಸಲೂನಿನ ಹಿಂದೆಯೇ ಎರಡು ಕೋಣೆ ಖಾಲಿಯಾದವು. ಅತ್ತೆ ಸೊಸೆ ಪಾತ್ರೆ ಪಡಗ ಕಟ್ಟಿಕೊಂಡು ಬಂದುಬಿಟ್ಟರು. ಅತ್ತೆಗೆ ಅದರಿಂದ ಬಲು ಸಂತೋಷ. ಹಳೆಯ ಮನೆಯಲ್ಲಿ ಗೋಡೆ ನೋಡಿಕೊಂಡು ಕೂತಿರುತ್ತಿದ್ದ ಮುದುಕಿಗೆ ಈಗ ಸಲೂನಿನ ಮೂಲೆಯ ಕುರ್ಚಿ ಸಿಕ್ಕಿತು. ಬಂದವರ ಕೂದಲು, ಗಂಡ, ಮಕ್ಕಳು, ಎಲ್ಲದರ ಮೇಲೂ ಅಭಿಪ್ರಾಯ ಕೊಡುವ ಅಧಿಕಾರ ಸಿಕ್ಕಿತು.

ಹಳೆಯ ಕಟ್ಟಡದ ಗೇಟಿಗೆ ಕಾವಲುಗಾರ ಇರಲಿಲ್ಲ, ಅವನ ಬದಲು ಒಂದು ಕಬ್ಬಿಣದ ಡಬ್ಬಿ ಇತ್ತು. ಅದರ ಮೇಲೆ ಅಂಕಿಗಳ ಗುಂಡಿ, ಮಾತಾಡೋಕೆ ಒಂದು ಪುಟ್ಟ ಜಾಲರಿ. ಬಂದವರು ಮನೆಯ ನಂಬರು ಒತ್ತಿದರೆ ಆ ಮನೆಯವರ ಫೋನು ರಿಂಗಾಗುತ್ತದೆ. ಅವರು ಎಲ್ಲೇ ಇರಲಿ, ಯಾರು ಏನು ಅಂತ ವಿಚಾರಿಸಿ ತಮ್ಮ ಫೋನಿನಲ್ಲಿ ಒಂಬತ್ತು ಒತ್ತಿದರೆ ಗೇಟಿನ ಚಿಲಕ ಟಕ್ ಅಂತ ಬಿಚ್ಚಿಕೊಳ್ಳುತ್ತದೆ. ಅಕ್ಕ ಎಷ್ಟೋ ಸಲ ಸಲೂನಿನಲ್ಲೇ ನಿಂತು ಗ್ಯಾಸಿನವನನ್ನೂ ನೆಂಟರನ್ನೂ ಒಳಗೆ ಬಿಟ್ಟವಳು.

ಹೊಸ ಜಾಗಕ್ಕೆ ಬಂದು ಸ್ವಲ್ಪ ದಿನಕ್ಕೆ, ಒಬ್ಬಳ ತಲೆಗೆ ಶಾಂಪೂ ಹಾಕುತ್ತಿದ್ದಾಗ ಫೋನು ಬಂತು. ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು "ಹೇಳಿ" ಅಂದಳು.

"ಮೂವತ್ತನಾಲ್ಕಾ? ಪಾರ್ಸೆಲ್ ಇದೆ ಮೇಡಂ."

ಅಭ್ಯಾಸಬಲ ನೋಡಿ, ನೊರೆ ಮೆತ್ತಿದ ಕೈಯಲ್ಲೇ ಒಂಬತ್ತು ಒತ್ತಿಬಿಟ್ಟಳು. ಚಿಲಕ ಬಿಚ್ಚಿದ ಸದ್ದು ಕೇಳಿಸಿದ ಮೇಲೆ ಅವಳಿಗೆ ಎಚ್ಚರವಾಯಿತು.

"ಅತ್ತೆ, ನಾನು ಯಾರದೋ ಮನೆ ಗೇಟು ತೆಗೆದುಬಿಟ್ಟೆ!"

"ತೆಗೆದಿದ್ದು ತೆಗೆದೆ, ಮುಚ್ಚೋಕೆ ಯಾವ ಗುಂಡಿ?" ಅಂದರು ಅತ್ತೆ.

ಆ ಕ್ಷಣವೇ ಅಕ್ಕ ಹಳೆಯ ಕಟ್ಟಡದ ಮ್ಯಾನೇಜರಿಗೆ ಫೋನು ಮಾಡಿದಳು. ಆತ ಆಕಳಿಸುತ್ತಲೇ ಸಮಾಧಾನ ಹೇಳಿದ. "ನಿಮ್ಮ ಜಾಗಕ್ಕೆ ಬಂದಿರೋರು ಒಬ್ಬರೇ ಯಜಮಾನರು ಅಕ್ಕ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ರಿಟೈರ್ ಆದವರು. ಅವರ ಹತ್ರ ಫೋನೇ ಇಲ್ಲ. ಅಷ್ಟು ವರ್ಷ ಕಿವಿಗೆ ಯಂತ್ರ ಕಟ್ಟಿಕೊಂಡು ದುಡಿದಿದೀನಿ, ಇನ್ನು ಮೇಲೆ ಕಿವಿಗೆ ರಜ ಅಂತಾರೆ. ಯಾವ ನಂಬರು ಅಂತ ಹಾಕಲಿ? ಖಾಲಿ ಬಿಡೋದು ಬೇಡ ಅಂತ ನಿಮ್ಮದೇ ಬಿಟ್ಟಿದೀನಿ."

"ಹಾಗಂದ್ರೆ ಬಂದವರಿಗೆಲ್ಲ ಬಾಗಿಲು ತೆಗೆಯೋದು ನಾನಾ?"

"ಯಂತ್ರದವನು ಬರ್ಲಿ ಅಕ್ಕ, ಸರಿ ಮಾಡಿಸ್ತೀನಿ."

ಯಂತ್ರದವನು ಇವತ್ತು ಬಂದ ನಾಳೆ ಬಂದ. ಮೂವತ್ತನಾಲ್ಕನೇ ಮನೆಯ ಕರೆಗಳು ಮಾತ್ರ ತಪ್ಪದೆ ಬಂದವು. ಮೊದಮೊದಲು ಅಕ್ಕ ಗೊಣಗಿದಳು, ಆಮೇಲೆ ಅದರಲ್ಲೇ ರುಚಿ ಹತ್ತಿತು. ಪತ್ರಿಕೆಯವನು, ನಲ್ಲಿ ರಿಪೇರಿಯವನು, ಇಸ್ತ್ರಿಯವನು. ಎಲ್ಲರನ್ನೂ ವಿಚಾರಿಸಿಯೇ ಒಳಗೆ ಬಿಡುತ್ತಿದ್ದಳು. ನಲ್ಲಿಯವನಿಗೆ "ಅಡುಗೆಮನೆ ನಲ್ಲಿಯ ವಾಷರು ನಮ್ಮ ಕಾಲದಿಂದಲೂ ಸರಿಯಿಲ್ಲ ಕಣಪ್ಪ, ಈ ಸಲವಾದ್ರೂ ನೆಟ್ಟಗೆ ಹಾಕು" ಅಂತ ಬುದ್ಧಿ ಹೇಳಿದಳು. ಇಸ್ತ್ರಿಯವನು ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ರಿಟೈರಾದ ಮನುಷ್ಯನಿಗೆ ದಿನಾ ಗರಿಗರಿ ಶರ್ಟು ಯಾಕೆ ಬೇಕೋ ಅಂತ ಅವಳಿಗೆ ಆಶ್ಚರ್ಯ. ಕಸ ಹೀರುವ ಯಂತ್ರ ಮಾರುವವನೊಬ್ಬ ಬಂದಾಗ "ನಮ್ಮ ಮನೇಲಿ ಕಸವೇ ಇಲ್ಲ" ಅಂತ ಕಡ್ಡಿ ಮುರಿದಂತೆ ಹೇಳಿ ಕಳಿಸಿದಳು.

"ಊರ ಉಸಾಬರಿ ಎಲ್ಲಾ ನಿನಗೇ ಇರಲಿ," ಅನ್ನುತ್ತಿದ್ದರು ಅತ್ತೆ. "ಮುಖ ನೋಡದವನ ಮನೆಗೆ ಕಾವಲು ಕಾಯ್ತಾಳೆ ನನ್ನ ಸೊಸೆ."

"ಇರಲಿ ಬಿಡಿ ಅತ್ತೆ, ಒಂದು ಗುಂಡಿ ಒತ್ತೋದಕ್ಕೆ ನನ್ನ ಗಂಟೇನು ಹೋಗುತ್ತೆ?"

ಗಂಟು ಹೋಗಲಿಲ್ಲ. ಆದರೆ ಒಂದು ದಿನ ಎಡವಟ್ಟಾಯಿತು.

ಮಧ್ಯಾಹ್ನ. ಬ್ಯಾಂಕಿನ ಮೇಡಂ ತಲೆಗೆ ಅಕ್ಕ ಬಣ್ಣ ಹಚ್ಚುತ್ತಿದ್ದಳು. ಪಕ್ಕದ ಕುರ್ಚಿಯಲ್ಲಿ ಇನ್ನೊಬ್ಬಳ ಕೂದಲು ಒಣಗಿಸುವ ಯಂತ್ರ ಹೋ ಅಂತ ಊಳಿಡುತ್ತಿತ್ತು. ಆಗ ಫೋನು ಬಂತು. ವಯಸ್ಸಾದ ಹೆಂಗಸಿನ ದನಿ, ಆದರೆ ಗಂಟೆ ಬಾರಿಸಿದ ಹಾಗೆ ಸ್ಪಷ್ಟ.

"ಮೂವತ್ತನಾಲ್ಕನೇ ಮನೆಯಾ?"

"ಹೌದು, ಹೇಳಿ."

"ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದರಲ್ಲ, ಅವರ ಮನೆ ತಾನೇ?"

"ಹೌದು ಹೌದು, ಅವರದೇ."

ಆ ಕಡೆಯಿಂದ ಈಗ ಸ್ವಲ್ಪ ತಗ್ಗಿದ ದನಿ, "ನೀವು... ಅವರ ಮನೆಯವರಾ?"

ಯಂತ್ರದ ಗದ್ದಲದಲ್ಲಿ ಅಕ್ಕನಿಗೆ ಅರ್ಧ ಕೇಳಿಸಿತು, ಅರ್ಧ ಇಲ್ಲ. ಮನೆಯಲ್ಲಿರೋರಾ ಅಂತ ಕೇಳುತ್ತಿರಬೇಕು ಅಂದುಕೊಂಡು, "ಹೂಂ, ಮನೆಯವರೇ ಅಂತ ಇಟ್ಕೊಳ್ಳಿ. ನೀವು ಯಾರು, ಎಲ್ಲಿಂದ ಬಂದಿರೋದು?" ಅಂದಳು.

"ಯಾರೂ ಇಲ್ಲಮ್ಮ. ಬೆಟ್ಟದ ಕಡೆಯಿಂದ ಬಂದಿದ್ದೆ, ಸುಮ್ಮನೆ ನೋಡಿಕೊಂಡು ಹೋಗೋಣ ಅಂತ. ಅವರು ಚೆನ್ನಾಗಿದಾರಲ್ಲ, ಅಷ್ಟು ಸಾಕು. ನನಗೆ ಬಸ್ಸಿಗೆ ಹೊತ್ತಾಯ್ತು. ನಾನು ಬಂದಿದ್ದೆ ಅಂತ ಹೇಳೋದೇನೂ ಬೇಡ."

"ಅಯ್ಯೋ, ಇರೀಮ್ಮ, ಗೇಟು ತೆಗೀತೀನಿ!" ಅಂತ ಅಕ್ಕ ಒಂಬತ್ತನ್ನು ಒಂದಲ್ಲ ನಾಲ್ಕು ಸಲ ಒತ್ತಿದಳು. ಅಷ್ಟರಲ್ಲಿ ಲೈನು ಕಟ್ಟಾಗಿತ್ತು.

ಅಕ್ಕ ಬ್ರಷ್ಷು ಹಿಡಿದುಕೊಂಡೇ ನಿಂತಳು. "ವಿಚಿತ್ರ ಹೆಂಗಸು ಅತ್ತೆ. ಅಷ್ಟು ದೂರದಿಂದ ಬಂದು ಗೇಟಿನಿಂದ ವಾಪಸ್ ಹೋದ್ರು. ಮನೆಯವರಾ ಅಂದ್ರು, ಹೂಂ ಅಂದೆ, ಅಷ್ಟೇ."

ಅತ್ತೆ ಕುರ್ಚಿಯಲ್ಲೇ ನೆಟ್ಟಗೆ ಕೂತರು. "ಏನಂದೆ? ಮನೆಯವರು ಅಂದೆಯಾ? ಅಯ್ಯೋ ಪುಣ್ಯಾತ್ಗಿತ್ತಿ, ಮನೆಯವರು ಅಂದ್ರೆ ಏನರ್ಥ? ನಿನ್ನ ಗಂಡನಿಗೆ ಯಾರಾದ್ರೂ ನಿನ್ನನ್ನ ತೋರಿಸಿ ಇವರು ನಿಮ್ಮ ಮನೆಯವರಾ ಅಂತ ಕೇಳಿದ್ರೆ ಅವನು ಏನಂತ ತಿಳ್ಕೋತಾನೆ?"

ಅಕ್ಕನ ಬಾಯಿ ತೆರೆದುಕೊಂಡಿತು.

"ಹೆಂಡತಿಯಾ ಅಂತ ಕೇಳಿದ್ಲು ಕಣೇ ಅವಳು! ನೀನು ಹೂಂ ಅಂದೆ!"

ಬ್ಯಾಂಕಿನ ಮೇಡಂ ಕನ್ನಡಿಯಲ್ಲೇ ಕಣ್ಣಗಲಿಸಿ, "ಹೌದಲ್ವಾ! ಆ ವಯಸ್ಸಿನ ಹೆಂಗಸು, ಒಬ್ಬಳೇ, ಒಂಟಿ ಗಂಡಸಿನ ಮನೆ ಹುಡುಕಿಕೊಂಡು ಬಂದು, ಹೆಂಡತಿ ಇದಾಳೆ ಅಂದ ತಕ್ಷಣ ವಾಪಸ್ ಹೋದ್ಲು ಅಂದ್ರೆ..." ಅಂತ ಮಾತು ಅಲ್ಲಿಗೇ ನಿಲ್ಲಿಸಿದರು. ಮುಗಿಸುವ ಅಗತ್ಯವೂ ಇರಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೆ ಕೈಕಟ್ಟಿ ಕೂರುವ ಜಾತಿ ಅಲ್ಲ ಕತ್ತರಿ ಅಕ್ಕ. ಏಪ್ರನ್ ಬಿಚ್ಚಿ ಎಸೆದಳು. "ಅತ್ತೆ, ಮೇಡಂ ತಲೆ ನಿಮ್ಮ ಕೈಲಿದೆ. ಗಡಿಯಾರದ ದೊಡ್ಡ ಮುಳ್ಳು ಮೇಲೆ ಬಂದ ಕೂಡ್ಲೇ ತೊಳೆದುಬಿಡಿ."

"ನನಗೆ ಬರಲ್ಲ ಕಣೇ!"

"ಸೊಪ್ಪು ತೊಳೆಯೋಕೆ ಬರುತ್ತಲ್ಲ, ಹಾಗೇ!"

ಮೇಡಂ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಸ್ಕೂಟರು ತಿರುವು ದಾಟಿತ್ತು.

ಹಳೆಯ ಕಟ್ಟಡದ ಗೇಟಿನ ಮುಂದೆ ಯಾರೂ ಇರಲಿಲ್ಲ. ಆಚೀಚೆ ನೋಡಿದಳು, ರಸ್ತೆಯ ಕೊನೆಯವರೆಗೂ ಒಂದು ನರಪಿಳ್ಳೆ ಇಲ್ಲ. ಗೇಟು ತಳ್ಳಿದರೆ ಚಿಲಕ ಭದ್ರ. ಅವಸರದಲ್ಲಿ ಡಬ್ಬಿಯ ಮೇಲೆ ಮೂರು, ನಾಲ್ಕು ಒತ್ತಿ ಜಾಲರಿಗೆ ಬಾಯಿಟ್ಟು ಕಾದಳು. ಅವಳ ಚೀಲದಲ್ಲೇ ಫೋನು ಹೊಡೆದುಕೊಳ್ಳತೊಡಗಿತು. ಯಾರಪ್ಪ ಈ ಹೊತ್ತಲ್ಲಿ ಅಂತ ಬೈದುಕೊಂಡು ತೆಗೆದು "ಹಲೋ" ಅಂದರೆ, ಜಾಲರಿಯಿಂದಲೂ ಅವಳದೇ "ಹಲೋ" ಬಂತು. ಆತಂಕದ ನಡುವೆಯೂ ಅವಳಿಗೆ ನಗು ತಡೆಯಲಾಗಲಿಲ್ಲ. ತನಗೆ ತಾನೇ ಒಂಬತ್ತು ಒತ್ತಿಕೊಂಡು ಒಳಗೆ ನುಗ್ಗಿದಳು.

ಮೂರನೇ ಮಹಡಿಯ ಬಾಗಿಲು ತೆರೆದವರು ತೆಳ್ಳಗಿನ, ಬಿಳಿ ಕೂದಲಿನ ಮನುಷ್ಯ. ಮೈಮೇಲೆ ಅದೇ ಗರಿಗರಿ ಶರ್ಟು. ಹಿಂದೆ ಮೇಜಿನ ಮೇಲೆ ಎರಡು ಲೋಟ ತೊಳೆದು ಬೋರಲು ಹಾಕಿಟ್ಟಿತ್ತು.

"ಸರ್, ನಾನು ಈ ಮನೇಲಿ ಮೊದಲು ಇದ್ದವಳು. ನಿಮ್ಮ ಗೇಟಿನ ಫೋನು ನನಗೆ ಬರ್ತಾ ಇತ್ತು. ಈಗ ತಾನೇ ಬೆಟ್ಟದ ಕಡೆಯಿಂದ ಒಬ್ಬರು ಅಮ್ಮ ಬಂದಿದ್ರು. ನಾನು ನಿಮ್ಮ ಮನೆಯವರು ಅಂತ ತಿಳ್ಕೊಂಡು ಬಸ್ಸಿಗೆ ಹೊರಟುಹೋದ್ರು. ತಪ್ಪು ನಂದೇ ಸರ್, ಬೈಬೇಕಾದ್ರೆ ಆಮೇಲೆ ಬೈರಿ. ಈಗ ಹೊರಡಿ."

ಆ ಮನುಷ್ಯ ಬೈಯಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡರು. "ದನಿ ಹೇಗಿತ್ತು?"

"ಗಂಟೆ ಹಾಗಿತ್ತು."

"ಅವಳೇ," ಅಂದರು. ಹೊರಗೆ ಬಂದು, ಬಾಗಿಲು ಎಳೆದುಕೊಂಡು, ಅರ್ಧ ಮೆಟ್ಟಿಲು ಇಳಿದ ಮೇಲೆ ಕಾಲಲ್ಲಿ ಚಪ್ಪಲಿಯಿಲ್ಲ ಅಂತ ನೆನಪಾಗಿ ಮತ್ತೆ ಮೇಲೆ ಓಡಿದರು.

ಸ್ಕೂಟರಿನ ಹಿಂದೆ ಕೂತು, ಒಂದು ಕೈಯಲ್ಲಿ ಸೀಟಿನ ಕಂಬಿ ಹಿಡಿದು, ಗಾಳಿಯಲ್ಲಿ ಕೂಗಿ ಕೂಗಿಯೇ ಅವರು ಕಥೆ ಹೇಳಿದರು. ಹಿಂದೆ ಒಂದು ಊರಿಂದ ಇನ್ನೊಂದು ಊರಿಗೆ ಫೋನು ಮಾಡಬೇಕಾದರೆ ನಡುವೆ ಆಪರೇಟರುಗಳು ಬೋರ್ಡಿನ ಮುಂದೆ ಕೂತು ಕೈಯಿಂದಲೇ ಲೈನು ಜೋಡಿಸಬೇಕಿತ್ತು. ಈ ಊರಿನ ಬೋರ್ಡಿನಲ್ಲಿ ಇವರು, ಬೆಟ್ಟದ ಊರಿನ ಬೋರ್ಡಿನಲ್ಲಿ ಆಕೆ. ಕೆಲಸದಲ್ಲಿ ಹೆಸರು ಹೇಳುವ ಪದ್ಧತಿ ಇರಲಿಲ್ಲ. ಇವರು ಆಕೆಯನ್ನು "ಬೆಟ್ಟ" ಅನ್ನುವುದು, ಆಕೆ ಇವರನ್ನು "ಬಂದರು" ಅನ್ನುವುದು. ಎರಡು ಕರೆಗಳ ನಡುವೆ ಬಿಡುವು ಸಿಕ್ಕರೆ ಅಲ್ಲಿ ಮಂಜು ಬಿತ್ತಾ, ಇಲ್ಲಿ ಹಡಗು ಬಂತಾ ಅಂತ ಮಾತು. ಹಾಗೆ ವರ್ಷಗಟ್ಟಲೆ ನಡೆಯಿತು. ಆಮೇಲೆ ಎಲ್ಲಾ ತಾನಾಗೇ ಜೋಡಿಸುವ ಯಂತ್ರ ಬಂತು, ಬೋರ್ಡುಗಳು ಮುಚ್ಚಿದವು, ಇವರು ಒಂದು ವಿಭಾಗಕ್ಕೆ ಹೋದರು, ಆಕೆ ಇನ್ನೊಂದಕ್ಕೆ. ಮೊನ್ನೆ ಮೊನ್ನೆ ಹಳೆಯ ಸಹೋದ್ಯೋಗಿಯೊಬ್ಬರು ಸಿಕ್ಕಿ, ಆಕೆ ಇವರ ವಿಳಾಸ ಕೇಳಿ ತಗೊಂಡಿದ್ದಾಳೆ, ಬಿಡುವಾದಾಗ ಬರುತ್ತಾಳಂತೆ ಅಂತ ಸುದ್ದಿ ಮುಟ್ಟಿಸಿದ್ದರು.

"ಅದಕ್ಕೇನಾ ದಿನಾ ಇಸ್ತ್ರಿ ಶರ್ಟು?" ಅಕ್ಕ ಕೂಗಿದಳು.

"ಅದು ನಿಮಗೆ ಹೇಗೆ ಗೊತ್ತು?"

"ಅವನನ್ನ ದಿನಾ ಒಳಗೆ ಬಿಡ್ತಾ ಇದ್ದವಳು ನಾನೇ ಸರ್!"

ಬಸ್ ನಿಲ್ದಾಣದಲ್ಲಿ ಜನ ಜಾತ್ರೆಯಂತೆ ತುಂಬಿತ್ತು. ಬೆಟ್ಟದ ಕಡೆಯ ಬಸ್ಸುಗಳು ಒಂದೆರಡಲ್ಲ, ಸಾಲಾಗಿ ನಿಂತಿದ್ದವು. ಒಂದೆರಡು ಆಗಲೇ ಹೊಗೆ ಕಾರುತ್ತಿದ್ದವು. ಅಕ್ಕ ಸ್ಕೂಟರು ನಿಲ್ಲಿಸಿ, "ಹೇಳಿ ಸರ್, ನೋಡೋಕೆ ಹೇಗಿದಾರೆ? ನಾನು ಆ ಕಡೆಯಿಂದ ಹುಡುಕ್ತೀನಿ, ನೀವು ಈ ಕಡೆಯಿಂದ" ಅಂದಳು.

ಅವರು ಶರ್ಟಿನ ತೋಳು ಎಳೆದುಕೊಂಡರು. "ನಾನು ನೋಡಿಲ್ಲಮ್ಮ."

"ಇವತ್ತು ನೋಡಿಲ್ಲ, ಸರಿ. ಮೊದಲು ನೋಡಿದಾಗ?"

"ಯಾವತ್ತೂ ನೋಡಿಲ್ಲ. ಮಾತಾಡಿರೋದಷ್ಟೇ."

ಅಕ್ಕ ಹಣೆ ಚಚ್ಚಿಕೊಂಡಳು. "ಅಷ್ಟು ವರ್ಷ ಮಾತಾಡಿ ಒಂದು ಸಲವೂ ನೋಡೋಣ ಅನ್ನಿಸಲಿಲ್ವಾ?"

"ಅನ್ನಿಸ್ತು. ನೋಡಿದ ಮೇಲೆ ಮಾತು ನಿಂತುಬಿಟ್ರೆ ಅಂತ ಭಯ ಆಯ್ತು."

ಅಕ್ಕ ಸುತ್ತ ನೋಡಿದಳು. ವಿಚಾರಣೆ ಅಂತ ಬರೆದ ಗಾಜಿನ ಕೋಣೆಯಲ್ಲಿ ಒಬ್ಬಾಕೆ ಮೈಕು ಹಿಡಿದು ಬಸ್ಸುಗಳ ಹೆಸರು ಕೂಗುತ್ತಿದ್ದಳು. ಅಕ್ಕ ಆ ಮನುಷ್ಯನ ರಟ್ಟೆ ಹಿಡಿದು ಎಳೆದುಕೊಂಡೇ ಹೋದಳು.

"ಮೇಡಂ, ಇವರಿಗೆ ಎರಡು ಮಾತು ಆಡೋಕೆ ಬಿಡಿ."

"ಇದು ಆಡೋ ಸಾಮಾನಲ್ಲ. ಯಾರಾದ್ರೂ ಕಳೆದುಹೋಗಿದ್ರೆ ಮಾತ್ರ ನಾವು ಕೂಗೋದು."

"ಇವರೇ ಕಳೆದುಹೋಗಿದಾರೆ ಮೇಡಂ. ನೋಡಿ ಮುಖ, ಕಳೆದುಹೋದವರ ಹಾಗೇ ಇಲ್ವಾ?"

ಆಕೆ ನೋಡಿದಳು. ಗರಿಗರಿ ಶರ್ಟಿನ ಆ ಮನುಷ್ಯ ನಿಜಕ್ಕೂ ಹಾಗೇ ಕಾಣುತ್ತಿದ್ದರು. ಏನನ್ನಿಸಿತೋ, ಮೈಕು ಅವರ ಕಡೆ ತಳ್ಳಿ, "ಬೇಗ ಮುಗಿಸಿ" ಅಂದಳು.

ಮೈಕು ಮುಂದೆ ಬಂದದ್ದೇ ತಡ, ಅವರ ಬೆನ್ನು ನೆಟ್ಟಗಾಯಿತು. ಗಂಟಲಿನಿಂದ ಬಂದದ್ದು ಸ್ಕೂಟರಿನ ಮೇಲೆ ಕಿರುಚಿದ ದನಿ ಅಲ್ಲ. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ನಯವಾದ, ಅವಸರವಿಲ್ಲದ ದನಿ.

"ಹಲೋ, ಬೆಟ್ಟ. ಬಂದರು ಮಾತಾಡ್ತಾ ಇದೀನಿ. ಸ್ವಲ್ಪ ಹೊತ್ತಿನ ಮುಂಚೆ ನಿಮ್ಮ ಕರೆ ತಪ್ಪು ನಂಬರಿಗೆ ಸೇರಿಬಿಟ್ಟಿತ್ತು. ಕ್ಷಮಿಸಬೇಕು. ನನ್ನ ಮನೇಲಿ ಮನೆಯವರು ಅಂತ ಯಾರೂ ಇಲ್ಲ. ಯಾವತ್ತೂ ಇರಲಿಲ್ಲ. ದಯವಿಟ್ಟು ಲೈನು ಬಿಡಬೇಡಿ. ವಿಚಾರಣೆ ಕೋಣೆ ಹತ್ತಿರ ಕಾಯ್ತಾ ಇದೀನಿ."

ಎಲ್ಲೋ ಯಾರೋ ಕಿಸಕ್ಕೆಂದರು. ಇನ್ನೆಲ್ಲೋ ಒಬ್ಬ "ಬೇಗ ಬಾರಮ್ಮಾ ಬೆಟ್ಟ!" ಅಂತ ಕೂಗಿದ. ಎಲ್ಲರೂ ಕತ್ತು ಉದ್ದ ಮಾಡಿ ನೋಡತೊಡಗಿದರು.

ಹೊರಟೇಬಿಟ್ಟಿದ್ದ ಒಂದು ಬಸ್ಸು ತಿರುವಿನಲ್ಲಿ ಗಕ್ಕನೆ ನಿಂತಿತು. ಒಳಗಿನಿಂದ "ನಿಲ್ಸಪ್ಪ, ನಿಲ್ಸು!" ಅಂತ ಗಂಟೆ ಹೊಡೆದಂತಹ ದನಿ. ಅಕ್ಕ ಆ ದನಿ ಗುರುತು ಹಿಡಿದಳು. ಅವಳ ಪಕ್ಕದಲ್ಲಿದ್ದವರು ಅದಕ್ಕೂ ಮುಂಚೆ ಗುರುತು ಹಿಡಿದಿದ್ದರು.

ಬಸ್ಸಿನಿಂದ ಇಳಿದ ಹೆಂಗಸು ಎತ್ತರದ ಆಳು, ಆತನಿಗಿಂತ ಒಂದು ಗೇಣು ಎತ್ತರ. ಮುಖಕ್ಕೆ ದಪ್ಪ ಕನ್ನಡಕ, ಹೆಗಲಿಗೆ ಬಟ್ಟೆ ಚೀಲ. ಜನ ತಾವಾಗೇ ದಾರಿ ಬಿಟ್ಟರು. ಆಕೆ ಬಂದು ಎದುರಿಗೆ ನಿಂತರು. ಇವರು ಆಕೆಯನ್ನು ನೋಡಿದರು, ಆಕೆ ಇವರನ್ನು ನೋಡಿದರು.

ಮಾತೇ ಇಲ್ಲ.

ಆತ ಕೆಮ್ಮಿದರು. ಆಕೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು. ಆತ "ಪ್ರಯಾಣ..." ಅಂದರು. ಆಕೆ "ಹೂಂ" ಅಂದರು. ಮುಗಿಯಿತು. ವರ್ಷಗಟ್ಟಲೆ ಬಾಯಿ ಬಿಡುವಿಲ್ಲದೆ ಮಾತಾಡಿದ ಇಬ್ಬರು, ಎದುರುಬದುರು ನಿಂತು ಶಾಲೆಗೆ ಹೊಸದಾಗಿ ಸೇರಿದ ಮಕ್ಕಳ ಹಾಗೆ ನೆಲ ನೋಡುತ್ತಿದ್ದರು. ಆತ ಹೆದರಿದ್ದೇ ಆಗಿಹೋಯಿತಲ್ಲ ಅಂದುಕೊಂಡಳು ಅಕ್ಕ.

ಆದರೆ ಎಷ್ಟು ವರ್ಷಗಳಿಂದ ಅವಳು ಜನರ ತಲೆ ಹಿಡಿದವಳು! ಕುರ್ಚಿಯಲ್ಲಿ ಕೂತವರು ಮುಖ ನೋಡಿ ಆಡದ ಮಾತನ್ನು, ಹಿಂದೆ ನಿಂತು ಕೂದಲು ಕತ್ತರಿಸುವವಳ ಹತ್ತಿರ ಗಳಗಳ ಆಡಿಬಿಡುತ್ತಾರೆ. ಅವಳಿಗೆ ಅದು ಥಟ್ಟನೆ ಹೊಳೆಯಿತು. ಇಬ್ಬರ ತೋಳೂ ಹಿಡಿದು, ಬಸ್ಸುಗಳಿಗೆ ಮುಖ ಮಾಡಿದ್ದ ಕಲ್ಲುಬೆಂಚಿನ ಮೇಲೆ ಪಕ್ಕಪಕ್ಕದಲ್ಲಿ ಕೂರಿಸಿದಳು.

"ಒಬ್ಬರನ್ನೊಬ್ಬರು ನೋಡಬೇಡಿ. ಆ ಕೆಂಪು ಬಸ್ಸು ನೋಡ್ಕೊಂಡು ಕೂತಿರಿ. ನಾನು ಟೀ ತರ್ತೀನಿ."

ಟೀ ಅಂಗಡಿಯ ಮುಂದೆ ನಿಂತಾಗ ಅತ್ತೆಯ ಫೋನು ಬಂತು. "ತೊಳೆದೆ ಕಣೇ, ಸೊಪ್ಪಿಗಿಂತ ಚೆನ್ನಾಗೇ ತೊಳೆದೆ. ಕಪ್ಪು ಬರ್ಬೇಕಿತ್ತು, ತಾಮ್ರದ ಹಂಡೆ ಹಾಗೆ ಬಂದಿದೆ. ಮೇಡಂ ಇದೇ ಚೆನ್ನಾಗಿದೆ ಅಂತ ಕನ್ನಡಿ ಬಿಟ್ಟು ಏಳ್ತಾ ಇಲ್ಲ. ಅದಿರಲಿ, ಅವಳು ಸಿಕ್ಕಿದ್ಲಾ?"

"ಸಿಕ್ಕಿದ್ರು ಅತ್ತೆ. ಮಾತು ಸಿಗೋದೊಂದು ಬಾಕಿ."

ಮೂರು ಲೋಟ ಹಿಡಿದು ವಾಪಸ್ ಬರುವಾಗ ದೂರದಿಂದಲೇ ಕೇಳಿಸಿತು. ಇಬ್ಬರೂ ಕೆಂಪು ಬಸ್ಸಿನ ಮೇಲೆ ಕಣ್ಣು ನೆಟ್ಟು ಜಗಳವಾಡುತ್ತಿದ್ದರು.

"ಆವತ್ತು ಆ ಮದುಮಗನ ಲೈನು ಕತ್ತರಿಸಿದ್ದು ನೀವೇ!"

"ನಾನಲ್ಲ, ನಿಮ್ಮ ಬೆಟ್ಟದ ಗಾಳಿಗೆ ತಂತಿ ಹರೀತು."

"ಗಾಳಿ ಮೇಲೆ ಹಾಕ್ಬೇಡಿ. ಅವನು ನನ್ನನ್ನ ಬೈದಿದ್ದು ಇನ್ನೂ ಕಿವೀಲಿದೆ. ಪಾಪ, ಹುಡುಗಿಗೆ ಒಪ್ಪಿಗೆ ಅಂತ ಹೇಳೋ ಅಷ್ಟರಲ್ಲಿ..."

"ಆಮೇಲೆ ನಾವೇ ಹೇಳಿದ್ವಲ್ಲ ಆ ಹುಡುಗಿಗೆ, ಅವನ ಪರವಾಗಿ!"

ಆಕೆ ಗಟ್ಟಿಯಾಗಿ ನಕ್ಕುಬಿಟ್ಟರು. ಆತ ಬಸ್ಸು ನೋಡುವುದನ್ನು ಮರೆತು ಆ ನಗುವಿನ ಕಡೆ ತಿರುಗಿದರು. ಆ ನಗು ಎಷ್ಟು ಸಲ ಕೇಳಿದ್ದರೋ, ಅದು ಮುಖದ ಮೇಲೆ ಹೇಗೆ ಮೂಡುತ್ತದೆ ಅಂತ ನೋಡಿದ್ದು ಅದೇ ಮೊದಲು. ಅಕ್ಕ ಟೀ ಲೋಟಗಳನ್ನು ಬೆಂಚಿನ ತುದಿಯಲ್ಲಿಟ್ಟು, ಸದ್ದಿಲ್ಲದೆ ತನ್ನ ಲೋಟ ಹಿಡಿದು ಆಚೆ ಹೋಗಿ ನಿಂತಳು. ಅವಳ ಕಣ್ಣು ಯಾಕೋ ಮಂಜಾಗಿತ್ತು. ಬಸ್ಸುಗಳ ಹೊಗೆ ಅಂದುಕೊಂಡಳು.

ಆವತ್ತು ಬೆಟ್ಟದ ಅಮ್ಮ ಊರಿಗೆ ಹೋಗಲಿಲ್ಲ. ಅಕ್ಕ ಅವರನ್ನು ತನ್ನ ಮನೆಗೇ ಕರೆದುಕೊಂಡು ಬಂದಳು. ಎರಡು ದಿನ ಅಂತ ಬಂದವರು ಅತ್ತೆಗೆ ಎಷ್ಟು ಒಗ್ಗಿಹೋದರೆಂದರೆ, ವಾಪಸ್ ಹೊರಟಾಗ ಅತ್ತೆ ಮುಖ ಊದಿಸಿಕೊಂಡು ಕೂತರು. ಒಂದೆರಡು ತಿಂಗಳಲ್ಲಿ ಆಕೆ ಬೆಟ್ಟದ ಮನೆ ತಂಗಿಗೆ ಬಿಟ್ಟುಕೊಟ್ಟು, ಬಂದರಿನ ಪಕ್ಕದ ಬೀದಿಯಲ್ಲಿ ಒಂದು ಸಣ್ಣ ಮನೆ ಹಿಡಿದರು. ಈಗ ಸಂಜೆ ಹೊತ್ತು ಇಬ್ಬರೂ ಕಡಲಿಗೆ ಚಾಚಿದ ಕಲ್ಲುಕಟ್ಟೆಯ ಮೇಲೆ ನಡೆಯುತ್ತಾರೆ, ನೀರು ನೋಡಿಕೊಂಡು, ಮಾತಾಡಿಕೊಂಡು. ಮೀನುಗಾರರು ಹೇಳುವ ಪ್ರಕಾರ ಅವರು ಕಾಣಿಸುವ ಮುಂಚೆ ಕೇಳಿಸುತ್ತಾರೆ.

ಒಂದು ದಿನ ಆಕೆ ಸಲೂನಿಗೆ ಕೂದಲು ಕತ್ತರಿಸಿಕೊಳ್ಳಲು ಬಂದಾಗ ಅತ್ತೆಗೆ ತಡೆಯಲಾಗಲಿಲ್ಲ. "ಅಲ್ಲಮ್ಮ, ಇನ್ನೂ ಎಷ್ಟು ದಿನ ಹೀಗೆ? ಮದುವೆ ಅಂತ ಒಂದು ಮಾಡ್ಕೊಬಾರ್ದಾ?"

ಬೆಟ್ಟದ ಅಮ್ಮ ಕನ್ನಡಿಯಲ್ಲಿ ಅತ್ತೆಯನ್ನು ನೋಡಿ ಕನ್ನಡಕ ಸರಿಮಾಡಿಕೊಂಡರು.

"ಈಗ ತಾನೇ ಮುಖ ನೋಡಿದೀವಿ ಕಣ್ರೀ. ಇಷ್ಟು ಬೇಗ ಅಂದ್ರೆ ಹೇಗೆ?"